ಸುಳಿವು ಕೆಟ್ಟಿದೆಯೋ, ನಾವೇ ಎಡವಿದ್ದೇವೋ? ಗೂಢ ಪದಬಂಧದ ದೋಷ ಪತ್ತೆ

ಗೂಢ ಪದಬಂಧ ಅಂದರೆ ಇಂಗ್ಲಿಷ್‌ನವರ ಕ್ರಿಪ್ಟಿಕ್ ಕ್ರಾಸ್‌ವರ್ಡ್. ಅದರ ಸುಳಿವಿನಲ್ಲಿ ಒಂದು ಕಡೆ ಉತ್ತರದ ಅರ್ಥ ಇರುತ್ತದೆ, ಇನ್ನೊಂದು ಕಡೆ ಅದೇ ಉತ್ತರಕ್ಕೆ ಕರೆದೊಯ್ಯುವ ಪದದಾಟ. ಅದನ್ನು ಬಿಡಿಸುವಾಗ ಒಂದು ಸುಳಿವು ಕೂರದಿದ್ದರೆ ಎರಡು ಸಾಧ್ಯತೆ ಇರುತ್ತವೆ. ಒಂದೋ ನಾವು ಅದನ್ನು ತಪ್ಪು ಓದಿದ್ದೇವೆ, ಇಲ್ಲವೇ ಕಟ್ಟಿದವರು ಎಲ್ಲೋ ಎಡವಿದ್ದಾರೆ. ಯಾವುದು ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು? ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ ಕಷ್ಟದ್ದರ ಕಡೆಗೆ ಹೋಗೋಣ. ಬಿಡಿಸುವವರಿಗೂ ಕಟ್ಟುವವರಿಗೂ ಇದು ಒಂದೇ ದಾರಿ.

ಮೊದಲು ಒಂದು ಸರಿಯಾದ ಸುಳಿವನ್ನು ಬಿಚ್ಚಿ ನೋಡಿ:

ತುಂಗೆಯಂಥದ್ದು ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ಗಂಟೆ (2)

ಉತ್ತರ 'ದಿನ'. ಕೊನೆಯಲ್ಲಿರುವ 'ಇಪ್ಪತ್ನಾಲ್ಕು ಗಂಟೆ' ಅರ್ಥದ ಭಾಗ. 'ತುಂಗೆಯಂಥದ್ದು' ಅಂದರೆ ನದಿ. 'ಹಿಂದಕ್ಕೆ ಹರಿದರೆ' ಅನ್ನುವುದು ಸನ್ನೆ, ತಿರುಗಿಸಿ ಓದು ಅಂತ. ನ, ದಿ ಎರಡೂ ತಿರುಗಿದರೆ ದಿ, ನ. ಆವರಣದಲ್ಲಿರುವ 2 ಉತ್ತರಕ್ಕೆ ಎಷ್ಟು ಮನೆ, ಅಂದರೆ ಚೌಕ, ಅಂತ ಹೇಳುತ್ತದೆ. ಸುಮ್ನೆ ಬಂದು ಕೂತ ಪದ ಒಂದೂ ಇಲ್ಲ. 'ತುಂಗೆ' ಅಂತ ಮಾತ್ರ ಬರೆಯದೆ 'ತುಂಗೆಯಂಥದ್ದು' ಅಂದಿರುವುದಕ್ಕೂ ಕಾರಣ ಇದೆ. ತುಂಗೆ ಒಂದು ನದಿ, ಆದರೆ ನದಿ ಅಂದರೆ ತುಂಗೆಯೇ ಅಲ್ಲ. ಅಷ್ಟು ಎಚ್ಚರ ಬೇಕು.

ಲಕ್ಷಣ: "ಎಷ್ಟು ಓದಿದರೂ ತಲೆಬುಡ ಗೊತ್ತಾಗುತ್ತಿಲ್ಲ"

ಹತ್ತಕ್ಕೆ ಒಂಬತ್ತು ಸಲ ಸುಳಿವು ಸರಿಯಾಗಿಯೇ ಇರುತ್ತದೆ. ನಾವು ಅದನ್ನು ವಾಕ್ಯದ ಹಾಗೆ ಓದುತ್ತಿರುತ್ತೇವೆ, ಅಷ್ಟೇ.

ಅಲ್ಪವಿರಾಮ, ಪೂರ್ಣವಿರಾಮಗಳನ್ನು ಕಣ್ಣಿಂದ ಅಳಿಸಿ. ಅವು ಇರುವುದೇ ದಾರಿ ತಪ್ಪಿಸಲು, ಅದಕ್ಕೆ ಎಲ್ಲರ ಒಪ್ಪಿಗೆಯೂ ಇದೆ. ಆಮೇಲೆ ಸುಳಿವಿನ ಎರಡು ತುದಿಗಳನ್ನು ಮಾತ್ರ ನೋಡಿ. ಅರ್ಥದ ಭಾಗ ಮೊದಲಲ್ಲಿ ಇರುತ್ತದೆ, ಇಲ್ಲವೇ ಕೊನೆಯಲ್ಲಿ. ನಡುವೆ ಇರುವುದಿಲ್ಲ. ಕದಡಿದ, ಚೆದುರಿದ, ತಿರುಗಿದ, ಒಳಗೆ, ತಲೆ ಹೋದ, ಕೊನೆಗೆ ಅನ್ನುವಂಥ ಪದ ಕಂಡರೆ ಅದು ಸನ್ನೆ ಇರಬಹುದು, ಅದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ.

ಆದರೂ ಬಗ್ಗದಿದ್ದರೆ ಬಿಟ್ಟು ಮುಂದಿನದಕ್ಕೆ ಹೋಗಿ. ಅಡ್ಡ ಬರುವ ಪದದಿಂದ ಒಂದು ಮನೆ ತುಂಬಿದರೆ ಇದು ತಾನಾಗಿ ಸಡಿಲವಾಗುತ್ತದೆ. ಈ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ಇಂಗ್ಲಿಷ್‌ನಲ್ಲಿ ಒಂದು ಮನೆ ತುಂಬಿದರೆ ಒಂದು ಅಕ್ಷರ ಮಾತ್ರ. ನಮ್ಮಲ್ಲಿ ವ್ಯಂಜನದ ಜೊತೆ ಸ್ವರವೂ ಸಿಕ್ಕಿಬಿಡುತ್ತದೆ.

ಲಕ್ಷಣ: "ಉತ್ತರ ಹೊಳೆಯಿತು, ಅಕ್ಷರ ಲೆಕ್ಕ ಕೂಡುತ್ತಿಲ್ಲ"

ಇದು ಕನ್ನಡದ್ದೇ ತೊಂದರೆ. ನಾನು ಹೆಚ್ಚು ತಲೆ ಕೆಡಿಸಿಕೊಂಡಿರುವುದೂ ಇದಕ್ಕೇ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಗಣೇಶೋತ್ಸವದ ಕೈಬರಹದ ಪತ್ರಿಕೆಗೆ ಒಂದು ಪದಬಂಧ ಕಟ್ಟಿದ್ದೆ. ಅದರಲ್ಲಿ ನನಗೆ ತುಂಬ ಇಷ್ಟವಾಗಿದ್ದ ಸುಳಿವು ಇದು:

ಕಲಕಿದ ಕನಸು, ಬೆಳಗಾಗುವ ಹೊತ್ತಿಗೆ (3)

ಉತ್ತರ 'ನಸುಕು', 'ಕನಸು' ಪದದ ಅಕ್ಷರ ಕಲಕಿದರೆ ಬರುತ್ತದೆ ಅಂತ ನನ್ನ ಲೆಕ್ಕ. ಓದಲು ಎಷ್ಟು ಚಂದ ಅಲ್ವಾ? ಬೆಳಗಿನ ಜಾವ ಕನಸು ಕಲಕಿ ಹೋಗುವುದು ಎಲ್ಲರಿಗೂ ಆಗುವ ಅನುಭವ. ಪಕ್ಕದ ಮನೆಯ ಹೈಸ್ಕೂಲ್ ಹುಡುಗಿ ಅದನ್ನು ಬಿಡಿಸಿ ನನ್ನ ಹತ್ತಿರ ಬಂದಳು. ಹಾಳೆಯ ಅಂಚಿನಲ್ಲಿ ಮೂರು ಚೌಕ ಹಾಕಿ ಕ, ನ, ಸು ಅಂತ ಬರೆದಿದ್ದಳು. ಕೆಳಗೆ ಇನ್ನು ಮೂರು ಚೌಕ. ನ, ಸು, ಕು. ಕೊನೆಯ ಚೌಕಕ್ಕೆ ಪೆನ್ಸಿಲ್ ಮುಟ್ಟಿಸಿ, "ಇದಕ್ಕೆ ಕೊಂಬು ಎಲ್ಲಿಂದ ಬಂತು?" ಅಂದಳು.

ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಕನಸಿನಲ್ಲಿ ಇರುವುದು ಬರೀ 'ಕ'. ಅದು 'ಕು' ಆಗಲು ಸುಳಿವಿನಲ್ಲಿ ಯಾರೂ ಹೇಳಿಲ್ಲ. ಅಕ್ಷರ ಬೇಡ, ವರ್ಣ ಬಿಡಿಸಿ ನೋಡೋಣ ಅಂದರೂ ಆಗುವುದಿಲ್ಲ. ಕನಸು ಅಂದರೆ ಕ್, ಅ, ನ್, ಅ, ಸ್, ಉ. ನಸುಕು ಅಂದರೆ ನ್, ಅ, ಸ್, ಉ, ಕ್, ಉ. ಒಂದು 'ಅ' ಕಾಣೆಯಾಗಿದೆ, ಒಂದು 'ಉ' ಎಲ್ಲಿಂದಲೋ ಬಂದಿದೆ. ಆ ಸುಳಿವು ತಪ್ಪು. ಚಂದ ಇದೆ ಅನ್ನುವ ಕಾರಣಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು ನನಗಿರಲಿಲ್ಲ.

ಹಾಗಾಗಿ ಲೆಕ್ಕ ಕೂಡದಿದ್ದಾಗ ಈ ಕ್ರಮದಲ್ಲಿ ನೋಡಿ. ಮೊದಲು ಮನೆ ಎಣಿಸಿ. ಒತ್ತಕ್ಷರ ಒಂದೇ ಮನೆ, ಹಾಗಾಗಿ 'ಕನ್ನಡ' ಮೂರು. ಅನುಸ್ವಾರ ತನ್ನ ಅಕ್ಷರದ ಜೊತೆಗೇ ಇರುತ್ತದೆ, ಹಾಗಾಗಿ 'ಪಂಪ' ಎರಡು. 'ಬಸ್' ಅನ್ನುವಂಥ ಪದದ ಕೊನೆಯ ಅರ್ಧಾಕ್ಷರ ಮಾತ್ರ ಜಗಳದ ಜಾಗ. ಅದಕ್ಕೂ ಒಂದು ಮನೆ ಕೊಡುವುದೇ ಸರಿ ಅಂತ ನನ್ನ ಅಭಿಪ್ರಾಯ.

ಮನೆ ಸರಿಯಿದ್ದರೆ ಗುಣಿತ ನೋಡಿ. ತಲೆಕಟ್ಟು, ಗುಡಿಸು, ಕೊಂಬು, ದೀರ್ಘ ಒಂದೂ ಬದಲಾಗದೆ ಅಕ್ಷರ ಜಾಗ ಮಾತ್ರ ಬದಲಿಸಿದೆಯಾ? 'ಮದನ' ಚೆದುರಿ 'ದಮನ' ಆದರೆ ಯಾರೂ ತಕರಾರು ತೆಗೆಯಲಾರರು. ಮೂರೂ ಅಕ್ಷರ ಇದ್ದ ಹಾಗೇ ಇವೆ.

ಆಮೇಲೆ ಸಂಧಿ. ನಮ್ಮಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಸನ್ನೆ ಪದ ಬೇರೆಯಾಗಿ ನಿಲ್ಲುತ್ತದೆ, ಕನ್ನಡದಲ್ಲಿ ಸರಕಿನ, ಅಂದರೆ ಉತ್ತರಕ್ಕೆ ಅಕ್ಷರ ಕೊಡುವ ಪದದ, ಮೈಗೇ ಹತ್ತಿಕೊಳ್ಳುತ್ತದೆ. ಈ ಸುಳಿವು ನೋಡಿ:

ಮೈಸೂರ ಸವಿಯೊಳಗಿನ ಹಣ್ಣಿನ ಸಾರ (2)

ಮೈ, ಸೂ, ರ, ಸ, ವಿ. ನಡುವೆ 'ರಸ' ಅಡಗಿದೆ. 'ಒಳಗಿನ' ಸೇರುವಾಗ ಯಕಾರ ಬಂದಿದೆ, ನಿಜ. ಆದರೆ ಉತ್ತರಕ್ಕೆ ಬೇಕಾದ ಎರಡು ಅಕ್ಷರಗಳನ್ನು ಅದು ಮುಟ್ಟಿಲ್ಲ. ಇದು ನ್ಯಾಯ. ಅದೇ 'ಕನಸಲ್ಲಿ' ಅಂತ ಬರೆದು ಒಳಗಿನ 'ಸು' ಕೇಳಿದರೆ ಅನ್ಯಾಯ. ಲೋಪಸಂಧಿ ಆ ಉಕಾರವನ್ನು ಆಗಲೇ ತಿಂದುಹಾಕಿದೆ. ಪುಟದ ಮೇಲೆ ಇಲ್ಲದ ಅಕ್ಷರವನ್ನು ಓದುಗರು ಹುಡುಕಬೇಕು ಅನ್ನಬಾರದು. ಆಗಮ ಸಂಧಿ ಹೆಚ್ಚಾಗಿ ಪಾರಾಗುತ್ತದೆ, ಲೋಪಸಂಧಿ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಇಷ್ಟು ನೆನಪಿಟ್ಟರೆ ಸಾಕು.

ಲಕ್ಷಣ: "ಎರಡು ಉತ್ತರ ಬರುತ್ತಿವೆ, ಎರಡೂ ಸರಿ"

ಕೊರಳ ಒಡವೆ, ತಿರುಗಿಸಿ, ಹಣ್ಣಿನ ಸಾರ (2)

ಸರ ತಿರುಗಿಸಿದರೆ ರಸ. ರಸ ತಿರುಗಿಸಿದರೆ ಸರ. ಸನ್ನೆ ಪದ ಸರಿಯಾಗಿ ನಡುವೆ ಕೂತಿದೆ. ಅದು ಎಡಕ್ಕೆ ಸೇರುತ್ತದೋ ಬಲಕ್ಕೋ ಹೇಳಲು ಯಾವ ಗುರುತೂ ಇಲ್ಲ. ಇಂಗ್ಲಿಷ್ ಪದಬಂಧದಲ್ಲೂ ಇದು ಹಳೆಯ ರೋಗ.

ಮೊದಲು ಅಡ್ಡಪದ ತುಂಬಿ. ಒಂದು ಮನೆ ಗೊತ್ತಾದರೆ ನಿಮ್ಮ ಕೆಲಸ ಮುಗಿಯಿತು. ಸುಳಿವಿನ ದೋಷ ಮಾತ್ರ ಹಾಗೇ ಉಳಿಯುತ್ತದೆ. ಕಟ್ಟುವವರಿಗೆ ಇದರ ಮದ್ದು ಕನ್ನಡದಲ್ಲೇ ಇದೆ. 'ಕೊರಳ ಒಡವೆ ತಿರುಗಿದರೆ ಹಣ್ಣಿನ ಸಾರ' ಅಂದರೆ ರಸ. 'ಕೊರಳ ಒಡವೆಗೆ ಹಣ್ಣಿನ ಸಾರ ತಿರುಗಬೇಕು' ಅಂದರೆ ಸರ. ಒಂದು ಪುಟ್ಟ 'ರೆ', ಒಂದು ಪುಟ್ಟ 'ಗೆ', ಗೊಂದಲ ಮುಗಿಯಿತು.

ಲಕ್ಷಣ: "ಉತ್ತರ ಕೂತಿತು, ಒಂದು ಪದ ಕೆಲಸವಿಲ್ಲದೆ ಉಳಿಯಿತು"

ಉಳಿದ ಪದ ಜೋಡಣೆಯದ್ದಾ ನೋಡಿ. 'ಅಂದರೆ', 'ಆದರೆ', 'ಇಂದ' ಇಂಥವು ಎರಡು ಭಾಗಗಳ ನಡುವಿನ ಕೊಂಡಿ. ಅವಕ್ಕೆ ಮಾಫಿ ಇದೆ. ಗುಣವಾಚಕವೋ ಹೆಸರೋ ಉಳಿದರೆ ಎರಡೇ ಅರ್ಥ. ನಿಮ್ಮ ಉತ್ತರ ತಪ್ಪು, ಇಲ್ಲವೇ ಅಂದಕ್ಕೆ ಅಂತ ಪದ ತುರುಕಿದ್ದಾರೆ. ಮೊದಲನೆಯದನ್ನೇ ಮೊದಲು ಅನುಮಾನಿಸಿ.

ವಿಭಕ್ತಿ ಉಳಿಯುವುದು ಇದಕ್ಕಿಂತ ಸೂಕ್ಷ್ಮ.

ಹುಡುಕು ದೊರೆಯನ್ನು (3)

ಉತ್ತರ 'ಅರಸು'. ಹುಡುಕು ಅಂದರೂ ಅರಸು, ದೊರೆ ಅಂದರೂ ಅರಸು. ಎರಡರ್ಥದ ಸುಳಿವು, ಅಚ್ಚುಕಟ್ಟಾಗಿದೆ. ಆದರೆ 'ದೊರೆಯನ್ನು' ಅಂದರೆ 'ಅರಸನ್ನು' ಆಗಬೇಕಿತ್ತು. ಆ 'ಅನ್ನು' ಎಲ್ಲಿ ಹೋಯಿತು? 'ಹುಡುಕು, ದೊರೆ' ಅಂತ ಬರೆದಿದ್ದರೆ ಎಲ್ಲವೂ ಸರಿ. ಅರ್ಥದ ಭಾಗವನ್ನು ಕಿತ್ತು ಅಲ್ಲಿ ಉತ್ತರ ಇಟ್ಟು ಓದಿ. ವ್ಯಾಕರಣ ಕೂಡಿದರೆ ಪಾಸ್.

ಲಕ್ಷಣ: "ಉತ್ತರ ನೋಡಿದ ಮೇಲೂ ಸಿಟ್ಟು ಹೋಗುತ್ತಿಲ್ಲ"

ಇಲ್ಲಿಂದ ಮುಂದೆ ಕಷ್ಟದ ಪರೀಕ್ಷೆ. ಇಲ್ಲಿ ಬಲ್ಲವರೇ ಎರಡು ಗುಂಪಾಗಿದ್ದಾರೆ, ಅದೂ ಇವತ್ತು ನಿನ್ನೆಯಿಂದ ಅಲ್ಲ.

ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ. ಕಟ್ಟಿದವರು ಆರ್ಥರ್ ವಿನ್. ಅದು ಗೂಢವಾಗಿದ್ದು ಬ್ರಿಟನ್‌ನಲ್ಲಿ. 1926ರಿಂದ ಅಬ್ಸರ್ವರ್ ಪತ್ರಿಕೆಯಲ್ಲಿ ಟಾರ್ಕೆಮಾಡಾ ಅನ್ನುವ ಗುಪ್ತನಾಮದಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಕಟ್ಟುತ್ತಿದ್ದರು. ಆಗ ಕಟ್ಟಳೆ ಅಂತ ಏನೂ ಇರಲಿಲ್ಲ. ಅವರ ನಂತರ 1939ರಲ್ಲಿ ಆ ಜಾಗಕ್ಕೆ ಡೆರಿಕ್ ಮ್ಯಾಕ್‌ನಟ್ ಬಂದರು, ಝಿಮಿನೀಸ್ ಅನ್ನುವ ಹೆಸರಿನಲ್ಲಿ. ಅವರು ಕಟ್ಟಳೆಗಳನ್ನು ಗಟ್ಟಿ ಮಾಡಿದರು, 1966ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. 1972ರಿಂದ ಅದೇ ಪತ್ರಿಕೆಯಲ್ಲಿ ಕಟ್ಟಿದ, ಅಝೆಡ್ ಅನ್ನುವ ಗುಪ್ತನಾಮದವರು ಅದನ್ನೆಲ್ಲ ಮೂರೇ ಮಾತಿಗೆ ಇಳಿಸಿದರು: ನಿಖರವಾದ ಅರ್ಥ, ನ್ಯಾಯವಾದ ಪದದಾಟ, ಇವೆರಡು ಬಿಟ್ಟು ಬೇರೇನೂ ಇಲ್ಲ. ಇನ್ನೊಂದು ಕಡೆ ಗಾರ್ಡಿಯನ್ ಪತ್ರಿಕೆಯಲ್ಲಿ 1958ರಿಂದ 2013ರವರೆಗೆ ಜಾನ್ ಗ್ರಹಾಂ ಕಟ್ಟಿದರು. ಅರಾಕೇರಿಯಾ ಅನ್ನುವ ಗುಪ್ತನಾಮ ಅವರದೇ. ಕಟ್ಟಳೆ ಸ್ವಲ್ಪ ಬಗ್ಗಿದರೂ ಬಿಡಿಸುವವರಿಗೆ ಖುಷಿ ಆಗಬೇಕು ಅನ್ನುವುದು ಅವರ ದಾರಿ. ನಮ್ಮಲ್ಲಿ ದಿ ಹಿಂದೂ ಪತ್ರಿಕೆಯ ಪದಬಂಧದಿಂದ ಈ ಚಟ ಹತ್ತಿಸಿಕೊಂಡವರು ಎರಡೂ ಬಗೆಯ ಸುಳಿವು ಕಂಡಿರುತ್ತಾರೆ.

ಈ ಜಗಳಕ್ಕೆ ಒಂದು ಹೆಸರಾಂತ ಸುಳಿವು ಸಾಕ್ಷಿ. ಎಚ್, ಐ, ಜೆ, ಕೆ, ಎಲ್, ಎಂ, ಎನ್, ಓ (5). ಅಷ್ಟೇ ಸುಳಿವು. ಉತ್ತರ ವಾಟರ್. ಎಚ್‌ನಿಂದ ಓವರೆಗೆ, ಅಂದರೆ 'ಎಚ್ ಟು ಓ'. ರಸಾಯನಶಾಸ್ತ್ರದಲ್ಲಿ ನೀರು. ಅರ್ಥದ ಭಾಗ ಅಂತ ಬೇರೆ ಇಲ್ಲವೇ ಇಲ್ಲ. ಮೂರು ಮಾತಿನ ಕಟ್ಟಳೆಗೆ ಹಿಡಿದರೆ ಫೇಲು. ಆದರೂ ಅದನ್ನು ಬಿಡಿಸಿದವರಿಗೆ ಮೋಸ ಹೋದೆ ಅಂತ ಅನಿಸುವುದಿಲ್ಲ. ನಾನು ಇದನ್ನು ಒಪ್ಪುತ್ತೇನೆ. ಬೇಕಾದ್ದೆಲ್ಲ ಪುಟದ ಮೇಲೇ ಇದೆ.

ನಾನು ಒಪ್ಪದಿರುವುದು ಇಂಥದ್ದನ್ನು:

ಚೆದುರಿದ ಕಾಮದೇವ, ಹತ್ತಿಕ್ಕುವಿಕೆ (3)

ಉತ್ತರ 'ದಮನ'. ಮೊದಲು ಕಾಮದೇವ ಅಂದರೆ ಮದನ ಅಂತ ಊಹಿಸಬೇಕು, ಆಮೇಲೆ ಅದನ್ನು ಕಲಸಬೇಕು. ಆದರೆ ಕಾಮದೇವನಿಗೆ ಹೆಸರು ಎಷ್ಟು! ಮನ್ಮಥ, ಅನಂಗ, ಕಂದರ್ಪ, ಮಾರ, ಸ್ಮರ, ಮನಸಿಜ. ಕಾಣದ ಪದವನ್ನು ಕಲಸು ಅಂದರೆ ಕತ್ತಲಲ್ಲಿ ಸೂಜಿ ಹುಡುಕಿಸಿದ ಹಾಗೆ. ಕಲಸಬೇಕಾದ ಸರಕು ಕಣ್ಣೆದುರು ಇರಬೇಕು. 'ಚೆದುರಿದ ಮದನ, ಹತ್ತಿಕ್ಕುವಿಕೆ' ಅಂದರೆ ಮುಗಿಯಿತು.

ಝಿಮಿನೀಸ್ ಅವರ ಪುಸ್ತಕಕ್ಕಿಂತ ಮೊದಲೇ, 1949ರಲ್ಲಿ, ಆಫ್ರಿಟ್ ಅನ್ನುವ ಗುಪ್ತನಾಮದವರು ಹೇಳಿದ ಮಾತಿನ ತಿರುಳು ಇಲ್ಲಿ ಅಳತೆಗೋಲಾಗುತ್ತದೆ. ಹೇಳಿದ್ದೇ ನಿಮ್ಮ ಮನಸ್ಸಿನಲ್ಲಿ ಇರಬೇಕಿಲ್ಲ, ಆದರೆ ಮನಸ್ಸಿನಲ್ಲಿ ಇರುವುದನ್ನು ಹೇಳಿರಲೇಬೇಕು. 'ಕಲಕಿದ ಕನಸು' ಸೋತಿದ್ದು ಇಲ್ಲೇ. ಕೊಂಬು ನನ್ನ ಮನಸ್ಸಿನಲ್ಲಿತ್ತು, ಸುಳಿವಿನಲ್ಲಿ ಇರಲಿಲ್ಲ.

ಕನ್ನಡಕ್ಕೆ ಬಂದಾಗ ಕಟ್ಟಳೆ ಬದಲಾಗಬೇಕಾದ ಒಂದು ಜಾಗ ಇದೆ. ಇಂಗ್ಲೆಂಡಿನ ಗೇಟ್ಸ್‌ಹೆಡ್ ಅನ್ನುವ ಊರಿನ ಹೆಸರನ್ನು 'ಗೇಟ್‌ನ ತಲೆ' ಅಂತ ಒಡೆದು, ಆ ಪದದ ಮೊದಲ ಇಂಗ್ಲಿಷ್ ಅಕ್ಷರ 'ಜಿ' ಅನ್ನಬಹುದಾ ಅಂತ ಅಲ್ಲಿ ದೊಡ್ಡ ಚರ್ಚೆ ಇದೆ. ಕಟ್ಟಳೆಯವರು ಕೂಡದು ಅನ್ನುತ್ತಾರೆ. ಅದು ಒಂದೇ ಪದ, ಒಡೆಯಬೇಕು ಅಂತ ಸುಳಿವು ಹೇಳಿಲ್ಲ. ನಮ್ಮಲ್ಲಿ ಅದಕ್ಕೆ ಸರಿಯಾದ ಜೋಡಿ ಕುದುರೆಮುಖ. ಅದನ್ನು 'ಕು' ಅನ್ನಬಹುದಾ?

ನನ್ನ ಪ್ರಕಾರ ಅನ್ನಬಹುದು. ಸಮಾಸ ಬಿಡಿಸುವುದು ನಮಗೆ ಶಾಲೆಯಿಂದ ಬಂದ ಅಭ್ಯಾಸ. ಕುದುರೆಯ ಮುಖ, ಕುದುರೆಮುಖ. ವಿಗ್ರಹ ಮಾಡಿದರೆ ಷಷ್ಠಿ ತಾನಾಗಿ ಹೊರಗೆ ಬರುತ್ತದೆ. ಇಂಗ್ಲಿಷ್ ಊರ ಹೆಸರನ್ನು ಒಡೆಯುವುದು ಕಸರತ್ತು, ನಮ್ಮ ಸಮಾಸವನ್ನು ಬಿಡಿಸುವುದು ವ್ಯಾಕರಣ. ಬೇರೆ ಭಾಷೆಯ ಕಟ್ಟಳೆಯನ್ನು ಹಾಗೇ ಎತ್ತಿ ತಂದು ಇಲ್ಲಿ ಕೂರಿಸಿದರೆ ನಮ್ಮ ಭಾಷೆಯ ಅರ್ಧ ಆಟ ಹೋಗಿಬಿಡುತ್ತದೆ. ಒಂದೇ ಷರತ್ತು, ಹೆಸರು ನಿಜವಾಗಿ ಹಾಗೆ ಬಿಡಿಸಲು ಬರಬೇಕು. ಸಮಾಸವೇ ಅಲ್ಲದ ಪದವನ್ನು ಸೀಳಬಾರದು.

ಇದನ್ನು ಒಪ್ಪಿದ ಮೇಲೆ ನನ್ನ ಕೆಟ್ಟ ಸುಳಿವಿಗೂ ರಿಪೇರಿ ಸಿಕ್ಕಿತು:

ಬೆಳಗಿನ ಜಾವ ತುಸು ಕುದುರೆಮುಖ (3)

ತುಸು ಅಂದರೆ ನಸು, ಕುದುರೆಯ ಮುಖ ಕು. ಸೇರಿದರೆ ನಸುಕು, ಬೆಳಗಿನ ಜಾವ. ಮಂಜಿನಲ್ಲಿ ಬೆಟ್ಟ ಸ್ವಲ್ಪವೇ ಕಂಡ ಹಾಗೂ ಇದೆ. ಕೊಂಬು ಎಲ್ಲಿಂದ ಬಂತು ಅಂತ ಈಗ ತೋರಿಸಬಹುದು.

ಲಕ್ಷಣ: "ಕೇಳಿದರೆ ಒಂದೇ ಅನ್ನುತ್ತಾರೆ, ನನ್ನ ಬಾಯಲ್ಲಿ ಬೇರೆ"

ಒಂದು ಪದ ಇನ್ನೊಂದರಂತೆ ಕೇಳಿಸುತ್ತದೆ ಅನ್ನುವ ದನಿಯ ಸುಳಿವು ಇಂಗ್ಲಿಷ್‌ನಲ್ಲೂ ಜಗಳ ತರುತ್ತದೆ. ಲಂಡನ್ನಿನವರಿಗೆ 'ಸಾಸ್' ಮತ್ತು 'ಸೋರ್ಸ್' ಒಂದೇ ದನಿ, ರಕಾರ ಸ್ಪಷ್ಟವಾಗಿ ಹೇಳುವ ಸ್ಕಾಟ್‌ಲೆಂಡಿನವರಿಗೆ ಅಲ್ಲ. ಕನ್ನಡದಲ್ಲಿ ಇನ್ನೂ ಕಷ್ಟ. ಬರೆದಂತೆ ಓದುವ ಭಾಷೆಯಲ್ಲಿ ಒಂದೇ ದನಿಯ ಎರಡು ಬರಹ ಸಿಗುವುದೇ ಅಪರೂಪ. ಸಿಕ್ಕರೂ ಅದು ಯಾರದ್ದೋ ಊರಿನ ಉಚ್ಚಾರಣೆ ಆಗಿರುತ್ತದೆ.

ಹುಲಿ, ಹುಳಿ ಒಂದೇ ದನಿ ಅಂತ ಸುಳಿವು ಕೊಟ್ಟರೆ ಅದು ದೋಷ. 'ಹಾರು' ಎಷ್ಟೋ ಮನೆಗಳಲ್ಲಿ 'ಆರು' ಆಗುತ್ತದೆ ನಿಜ. ಅದನ್ನು 'ತಪ್ಪಾಗಿ ಹೇಳಿದರೆ' ಅಂತ ಸುಳಿವು ಮಾಡಬೇಡಿ. ಅದು ಅವರ ಕನ್ನಡ, ತಪ್ಪಲ್ಲ. 'ಹಕಾರ ಉದುರಿದರೆ' ಅನ್ನಿ. ಆಗ ದನಿಯ ಜಗಳ ಹೋಗಿ ಪುಟದ ಮೇಲಿನ ಕೆಲಸ ಆಗುತ್ತದೆ, ಯಾವ ಊರಿನವರಿಗೂ ನಿಲುಕುತ್ತದೆ.

ಎಚ್ಚರಿಕೆ, ಮತ್ತು ಎಲ್ಲಿ ನಿಲ್ಲಿಸಬೇಕು

ಪೆನ್‌ನಲ್ಲಿ ಊಹೆ ಬರೆಯಬೇಡಿ. ಒಂದು ತಪ್ಪು ಮನೆ ನಾಲ್ಕು ಒಳ್ಳೆಯ ಸುಳಿವುಗಳನ್ನು ಕೆಟ್ಟವು ಅನ್ನಿಸುತ್ತದೆ. ಒಂದು ಮೂಲೆ ಪೂರ್ತಿ ಸ್ತಬ್ಧವಾದರೆ ಆ ಮೂಲೆಯಲ್ಲಿ ಬಿಡಿಸಿದ ಮೊದಲ ಪದವನ್ನೇ ಅಳಿಸಿ ಮತ್ತೆ ನೋಡಿ.

ಕಟ್ಟುವವರೇ, 'ಹುಚ್ಚು ಹಿಡಿದ', 'ಕುಂಟುವ' ಇಂಥವನ್ನು ಕಲಸಾಟದ ಸನ್ನೆ ಮಾಡಬೇಡಿ. ಜಾತಿಯ ಹೆಸರು, ಮೈಬಣ್ಣ ಅರ್ಥದ ಭಾಗಕ್ಕೆ ಬೇಡವೇ ಬೇಡ. ಕದಡು, ಕಲಕು, ಚೆದುರು, ಕುಲುಕು, ಅಡ್ಡಾದಿಡ್ಡಿ ಅಂತ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಬೆಳಗಿನ ಕಾಫಿ ಜೊತೆ ಬಿಡಿಸಲು ಕೂತವರಿಗೆ ನೋವಾದರೆ ಅದೂ ಸುಳಿವಿನ ದೋಷವೇ.

ಒಂದೇ ಸುಳಿವಿಗೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ. ಮುಚ್ಚಿಟ್ಟು ಬೇರೆ ಕೆಲಸ ಮಾಡಿ. ಸಂಜೆಗೂ ಬಗ್ಗದಿದ್ದರೆ ಇನ್ನೊಬ್ಬರಿಗೆ ಸುಳಿವು ಮಾತ್ರ ಓದಿ ಹೇಳಿ, ನಿಮ್ಮ ಊಹೆ ಹೇಳಬೇಡಿ. ಹೇಳಿದರೆ ಅವರೂ ಅದೇ ಹಳ್ಳಕ್ಕೆ ಬೀಳುತ್ತಾರೆ.

ಕಟ್ಟಿದವರಿಗೆ ತಕರಾರು ಬರೆಯುವುದಿದ್ದರೆ ಮರುದಿನದ ಉತ್ತರ ಬರುವವರೆಗೆ ಕಾಯಿರಿ. ಉತ್ತರ ಕಂಡ ಮೇಲೂ ಲೆಕ್ಕ ಕೂಡದಿದ್ದರೆ ಬರೆಯಿರಿ, ಖಂಡಿತ ಬರೆಯಿರಿ. 'ಅನ್ಯಾಯ' ಅಂತ ಒಂದೇ ಪದ ಬೇಡ. ಮೇಲೆ ಮೂರು ಚೌಕ, ಕೆಳಗೆ ಮೂರು ಚೌಕ ಹಾಕಿ, ಕೂಡದ ಅಕ್ಷರಕ್ಕೆ ಸುತ್ತು ಎಳೆದು ಕಳಿಸಿ.